ಬಳಕೆಯಲ್ಲಿದೆ

ಶಿಡ್ಲಘಟ್ಟ, ಬೆಳಗಿನ ನಾಲ್ಕೂವರೆ.
ಗುಲ್ಜಾರ್ ಬೀ ಬೇಸಿನ್ನಿನ ಮೇಲೆ ಬಾಗಿದ್ದಾಳೆ.
ಬೆಂದ ಹುಳದ ವಾಸನೆ ನನ್ನ ದುಪಟ್ಟಾಕ್ಕೆ ಹತ್ತಿ ನಾಲ್ಕು ದಿನ.
ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಬೋರ್ಡು,
ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ಅಗಲ,
ಪಕ್ಕದ ತೊಟ್ಟಿಯಲ್ಲಿ ಗೂಡು ಬೇಯುವ ನೀರಿನ ಬಿಸಿ ಹೇಳಬೇಕು.
ಹೇಳುತ್ತಿಲ್ಲ.

ತಂತಿ ಸರಿ, ಬೆಸುಗೆ ಸರಿ,
ನಡುವೆ ಮಾತಾಡಿಸುವವನಿಲ್ಲ.
ಡ್ರೈವರ್. ನಾನೇ ಬರೆದದ್ದು, ನೂರಾ ನಲವತ್ತು ಸಾಲು.
ಬೋರ್ಡಿನ ಹೊಟ್ಟೆ ಸಣ್ಣದು, ಅಲ್ಲಿ ಒಲೆ ಹೂಡಲಾಗದು;
ನನ್ನ ಲ್ಯಾಪ್‌ಟಾಪಿನಲ್ಲಿ ಬೇಯಿಸಿ
ಅದರ ನಾಲಿಗೆಗೆ ಉಪ್ಪು ಹಾಕಿ ಕಳಿಸಬೇಕು.

ಮೊನ್ನೆ, ಮೊದಲ ಸಲ, ಆಗಲ್ಲ ಅಂದಿತು.
ನಾನು ಬೇಯಿಸಿದ ಕರ್ನಲ್ಲಿನ ಗುರುತು ಕೊನೆಗೆ ಹದಿನೇಳು,
ಅದರದ್ದು ಹದಿನಾರು.
ಒಂದೇ ಅಂಕಿ.
‘ದ್ವಿತಳಿ ನೂಲಿಗೆ ಮಿಶ್ರತಳಿ ಸೇರಿಸಿ ಒಯ್ದು ನೋಡು,
ಲಡಿ ಮುಖಕ್ಕೇ ಎಸೀತಾರೆ’ ಅಂದಳು ಗುಲ್ಜಾರ್ ಬೀ, ತಲೆ ಎತ್ತದೆ.

ಬೋರ್ಡು ಮಾರಿದವನು ಎರಡು ದಿನ ಫೋನೆತ್ತಲಿಲ್ಲ.
ಆಮೇಲೆ ಚಿಂತಾಮಣಿ ಬಸ್ಸಿನ ಕಂಡಕ್ಟರ್ ಕೈಲಿ
ಒಂದು ಪೆನ್‌ಡ್ರೈವು, ಇಪ್ಪತ್ತು ರೂಪಾಯಿ ಚಾರ್ಜು.
ಅದರಲ್ಲಿ ಹದಿನಾರು,
ಜೊತೆಗೆ ಯಾರದೋ ಮದುವೆಯ ಮುನ್ನೂರು ಫೋಟೋ.

ರಾತ್ರಿಯೆಲ್ಲ ಬೆಂದಿತು.
ಫ್ಯಾನಿನ ಸದ್ದು ಯಾವುದು, ಒಲೆಯ ಸದ್ದು ಯಾವುದು,
ಹುಣಸೆ ಸೌದೆಗೆ ಒರಗಿ ನಿದ್ದೆಹೋದೆ.

ಈಗ ಎರಡನೇ ಸಲ. ಗುರುತಿಲ್ಲದ ಹೆಸರು, ಅಂದಿತು.
ನನ್ನ ಸಾಲು ಕೂಗಿ ಕರೆದವನು
ಇನ್ನೂ ಮನೆಗೇ ಬಂದಿಲ್ಲ.
ಎಲೆ ಹಾಕದೆ ಪಾಯಸ ಬಡಿಸಲು ಹೊರಟಿದ್ದೆ.

ಆಗ ಕಂಡಿತು ಅವಳ ಬೆರಳು.
ಎಂಟು ಗೂಡು ಬಿಚ್ಚಿಕೊಳ್ಳುತ್ತ ಒಂದೇ ಎಳೆಯಾಗಿ ಮೇಲೇರುತ್ತಿವೆ,
ರಾಟೆ ತಿರುಗುತ್ತಿದೆ,
ಒಂದು ಗೂಡು ಮುಗಿದು ಹುಳ ಬರಿಮೈಯಲ್ಲಿ ಮುಳುಗಿತು.
ಇನ್ನೊಂದರ ತುದಿ ಹಿಡಿದು
ಎಸೆದಳು. ಗಂಟು ಹಾಕಲಿಲ್ಲ.
ಓಡುವ ಎಳೆ ತಾನೇ ಎಳಕೊಂಡಿತು,
ರಾಟೆಗೆ ಗೊತ್ತೇ ಆಗಲಿಲ್ಲ.

ಮೊದಲು ಅವನನ್ನು ಕೂರಿಸಿ, ಆಮೇಲೆ ನನ್ನದನ್ನು,
ಎಂಟರ್ ಒತ್ತಿದೆ.
ಬೋರ್ಡು ಏನೂ ಅನ್ನಲಿಲ್ಲ.
ನಮ್ಮ ಕಸುಬಿನಲ್ಲಿ ಏನೂ ಅನ್ನದಿದ್ದರೆ ಒಪ್ಪಿತು ಅಂತ.
ಗೋಡೆಯ ಮೇಲೆ ಕೆಂಪಗೆ, ತೊಂಬತ್ತೆರಡು.

ಕರೆಂಟು ಹೋಯಿತು.

ಬಂದಾಗ ಅವಳು ಕುಂಚ ಹಿಡಿದು
ನೀರಲ್ಲಿ ಒಂದೊಂದೇ ತುದಿ ಹುಡುಕುತ್ತಿದ್ದಳು.
ಎದ್ದೊಡನೆ ತಾನೇ ಹಾಕಿಕೋ ಅಂತ ಬೋರ್ಡಿಗೆ
ಒಂದು ಸಾಲು ಬರೆದಿಡಲು ಮರೆತ ನಾನು ಮತ್ತೆ ಮೊದಲಿಂದ.
‘ನಿಂದೂ ಕಡೀತಾ?’
‘ಕಡೀತು.’

ಏಳು ಗಂಟೆ. ಅಂಕಿ ಒಂದು ಡಿಗ್ರಿ ಜಾಸ್ತಿ ತೋರಿಸುತ್ತಿದೆ,
ನನ್ನ ಲೆಕ್ಕದ್ದೇ ತಪ್ಪು.
ತಿದ್ದಿ ಹಾಕೋಣವೆಂದು ಮಾಡ್ಯೂಲ್ ಕಳಚಹೋದರೆ
ಕೊಡಲಿಲ್ಲ.
ಬಳಕೆಯಲ್ಲಿದೆ, ಅಂದಿತು.
ಪಟ್ಟಿ ತೆಗೆದು ನೋಡಿದೆ. ಬಳಸುತ್ತಿರುವವರು: ಒಂದು.

ಗುಲ್ಜಾರ್ ಬೀ ಉರಿಯುವ ಕೊರಡೊಂದನ್ನು ಹಿಂದಕ್ಕೆಳೆದು
ಕತ್ತೆತ್ತಿ ಗೋಡೆ ನೋಡಿದಳು.
ಒಂದು ಡಿಗ್ರಿ ತಾನೆ,
ಮಧ್ಯಾಹ್ನ ನೋಡೋಣ. ಟೀ ಬಂತು.