ಮೂರು ನಿಮಿಷ, ಮತ್ತೆ ಮೂರು

ಪ್ರಭಾತ್ ರಸ್ತೆಯ ಗಲ್ಲಿಯೊಂದರಲ್ಲಿ ಹಳೆಯ ಬಂಗಲೆ,
ಅದರ ನೆಲಮಾಳಿಗೆ. ಅರವತ್ತು ಕುರ್ಚಿ,
ಹನ್ನೊಂದಕ್ಕೆ ಕೈ ಇಲ್ಲ.
ದಾಮ್ಲೆಯವರು ಕನ್ನಡಕ ಹಣೆಗೇರಿಸಿ
ಈ ಚಿತ್ರ ಯಾವ ದೇಶದಲ್ಲಿ ಏನೇನು ಗೆದ್ದಿತೆಂದು
ಮದುವೆಮನೆಯಲ್ಲಿ ಮುಯ್ಯಿ ಓದಿದ ಹಾಗೆ ಓದಿದರು.
ಜಾರ್ಜಿಯಾದ್ದು. ಕಪ್ಪು ಬಿಳುಪು. ಎರಡು ಗಂಟೆ ನಲವತ್ತು ನಿಮಿಷ.
ಪಕ್ಕದ ವಿನಯಾತಾಯಿ ಶೇಂಗಾ ಚಿಕ್ಕಿ ಮುರಿದು
ಅರ್ಧ ನನ್ನ ಅಂಗೈಗಿಟ್ಟಳು. ದೀಪ ಆರಿತು.

ಮೊದಲ ಒಂದು ಗಂಟೆ
ಪರದೆಯ ಅಡಿಯಲ್ಲಿ ಇಂಗ್ಲಿಷ್ ಸಾಲು ಓಡುತ್ತಿತ್ತು.
ನಾನೂ ಓಡಿದೆ ಅದರ ಹಿಂದೆ,
ಸೆರಗು ಸಿಕ್ಕಿಸಿ ಕೋಥ್ರೂಡ್ ಬಸ್ಸು ಹಿಡಿಯುವವಳು.
ಮುಖ ನೋಡಲು ಪುರುಸೊತ್ತೆಲ್ಲಿ?
ರೈಲು ನಿಲ್ಲದ ಊರು, ಸಿಗ್ನಲ್ ದೀಪ ಹಚ್ಚುವವನು ಸತ್ತಿದ್ದಾನೆ,
ಇಷ್ಟು ಗೊತ್ತಾಗುವುದರೊಳಗೆ
ಅವನ ಹೆಂಡತಿ ಅವನ ಅಂಗಿ ಒಗೆಯಲು ಕೂತಳು.
ಸಾಲು ನಿಂತಿತು.

ದಾಮ್ಲೆ ಬಗ್ಗಿ ಏನೇನೋ ಒತ್ತಿದರು.
ಹಿಮದ ಮೇಲೆ ಒಂದು ಬಾಣದ ಗುರುತು
ದಾರಿ ತಪ್ಪಿದ ನೊಣದಂತೆ ಓಡಾಡಿತು.
"ರಾಹೂ ದ್ಯಾ," ಎಂದರು ಹಿಂದಿನಿಂದ ಯಾರೋ. ಇರಲಿ ಬಿಡಿ.
ಬಿಟ್ಟರು.

ಹೊರಗೆ ತಂತಿಯ ಮೇಲೆ ಅಂಗಿ ಹಲಗೆಯಾಯಿತು.
ಅವಳು ಅದನ್ನು ಎರಡು ಕೈಯಲ್ಲಿ ಹೊತ್ತು ತಂದಳು.
ಬಾಗಿಲಲ್ಲಿ ತೋಳು ಅಡ್ಡ ಸಿಕ್ಕಿತು;
ಓರೆ ಮಾಡಿ, ಕುಡಿದು ಬಂದವನನ್ನು ಒಳಗೆ ತರುವಂತೆ ತಂದು
ಒಲೆಯೆದುರು ಕುರ್ಚಿಗೆ ಒರಗಿಸಿದಳು.
ತಾನು ಎದುರು ಕೂತಳು.
ಕ್ಯಾಮೆರಾ ಅಲುಗಲಿಲ್ಲ.

ನಾನು ಎಣಿಸಿದೆ. ಗಡಿಯಾರ ಬೇಡ ನನಗೆ.
ಇಪ್ಪತ್ತೇಳು ವರ್ಷ ಟ್ರಂಕ್ ಬೋರ್ಡಿನ ಮುಂದೆ ಕೂತವಳು,
ಮೂರು ನಿಮಿಷ ನನ್ನ ಎಲುಬಿನಲ್ಲಿದೆ.
ಮೊದಲ ಮೂರು: ಏನೂ ಇಲ್ಲ.
ವಿನಯಾತಾಯಿಯ ಬಾಯಲ್ಲಿ ಚಿಕ್ಕಿ ಕರಗುವ ಸದ್ದು.
ಮತ್ತೆ ಮೂರು: ತೋಳಿನ ತುದಿಯಿಂದ ಒಂದು ಹನಿ. ಇನ್ನೊಂದು.
ಕೊನೆಯ ಮೂರರಲ್ಲಿ ಭುಜ ಕುಸಿಯಿತು,
ನೆಲದಲ್ಲಿ ಏನೋ ಕಳೆದುಕೊಂಡವನಂತೆ ಕಾಲರು ಬಗ್ಗಿತು.
ಆಗ ಅವಳು ಏನೋ ಅಂದಳು.
ನಾಲ್ಕು ಮಾತಿರಬಹುದು, ಕೊನೆಯದು
ಸ್ವಲ್ಪ ಮೇಲೇರಿ ನಿಂತಿತು.

ಎಂಬತ್ತೊಂದನೇ ಇಸವಿ, ರಾತ್ರಿ ಪಾಳಿ.
ಪುಣೆಯಿಂದ ವಿಜಾಪುರಕ್ಕೆ ಒಬ್ಬಳು ಕಾಲ್ ಬುಕ್ ಮಾಡಿದ್ದಳು.
ಜೋಡಿಸಿದೆ. ಎರಡೂ ಕಡೆ ಉಸಿರು ಮಾತ್ರ.
ಕೇಳಬಾರದು ಎಂಬುದು ನಿಯಮ; ಕಿವಿಗೆ ರೆಪ್ಪೆಯಿಲ್ಲ.
"ತೀನ್ ಮಿನಿಟೆ ಝಾಲೀ," ಎಂದೆ.
ಆಮೇಲೆ, ಯಾಕೋ, ಕನ್ನಡದಲ್ಲಿ: "ಮುಂದುವರಿಸಲೇನ್ರೀ?"
"ಹೂಂ."
ಮತ್ತೆ ಮೂರು. "ಹೂಂ." ಮತ್ತೆ ಮೂರು.
ಚೀಟಿಯಲ್ಲಿ ಒಂಬತ್ತು ನಿಮಿಷ ಎಂದು ಬರೆದು ತಂತಿ ಕಿತ್ತೆ.
ಎಷ್ಟೋ ದಿನ ಬಸ್ಸಿನಲ್ಲಿ ಹೆಂಗಸರ ಮುಖ ಹುಡುಕಿದ್ದುಂಟು,
ಇವಳೋ, ಅವಳೋ.

ಇವಳೇ, ಅನ್ನಿಸಿತು ಆ ನೆಲಮಾಳಿಗೆಯಲ್ಲಿ,
ಎಲ್ಲಿಯ ಜಾರ್ಜಿಯಾ, ಎಲ್ಲಿಯ ವಿಜಾಪುರ.

ಆಮೇಲೆ ಚಹಾದಂಗಡಿಯಲ್ಲಿ ಜಗಳ.
"ಊಟ ಆಯಿತಾ ಎಂದಳು," ಎಂದ ಗಡ್ಡದ ಹುಡುಗ.
"ಛೇ, ಯಾಕೆ ಹೋದೆ ಎಂದಳು."
ವಿನಯಾತಾಯಿ ತಟ್ಟೆಗೆ ಚಹಾ ಸುರಿಯುತ್ತ,
"ಕಾಲರಿನ ಕೊಳೆ ಇನ್ನೂ ಹೋಗಿಲ್ಲ ಎಂದಿರುತ್ತಾಳೆ, ನೋಡು ಬೇಕಾದರೆ."
ಇಷ್ಟಕ್ಕೂ ಇಂಥ ಚಿತ್ರದಲ್ಲಿ ಏನಿದೆ,
ನಿದ್ದೆ ಬಂತು, ಎಂದವರೂ ಇದ್ದರು; ಅವರ ನಿದ್ದೆ ಸುಳ್ಳಲ್ಲ.
ಸರಿಯಾದ ಸಾಲು ಹುಡುಕಿ ಕಳಿಸುತ್ತೇನೆ ಎಂದರು ದಾಮ್ಲೆ,
ಸಾಲ ಮಾಡಿಕೊಂಡವರ ಧ್ವನಿಯಲ್ಲಿ.

ಬುಧವಾರ ಬಂತು ಸಂದೇಶ.
ಹಿಂದಿನ ಮಾತಿಗೂ ಸಾಲಿದೆ, ಮುಂದಿನದಕ್ಕೂ ಇದೆ,
ಅಲ್ಲಿ ಮಾತ್ರ ಖಾಲಿ. ಅನುವಾದಕರು ಬಿಟ್ಟಿದ್ದಾರೆ, ಕ್ಷಮಿಸಿ.

ನನಗೇಕೋ ಖುಷಿಯಾಯಿತು.
ಎಲ್ಲೋ ಒಬ್ಬರು, ಕಿವಿಗೆ ಹೆಡ್‌ಫೋನ್ ಏರಿಸಿ ಕೂತವರು,
ಎಲ್ಲ ಕೇಳಿಸಿಕೊಂಡು
ಚೀಟಿಯಲ್ಲಿ ನಿಮಿಷವನ್ನಷ್ಟೇ ಬರೆದಿದ್ದಾರೆ.