ಬಿದ್ದು ಗಾಯಗೊಂಡಿರುತ್ತಾನೆ

ಮೂವತ್ತೊಂದು ವರ್ಷ ಬರೆದಿದ್ದೇನೆ ಸ್ವಾಮಿ.
ಓದಿದ್ದು ಎಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ.
ಅಕ್ಷರ ಮಾತ್ರ ಮುತ್ತು ಅಂತ
ಶಿಡ್ಲಘಟ್ಟ ಠಾಣೆಯ ರೈಟರ್ ಮೇಜಿಗೆ ಕೂರಿಸಿದರು.
ಸದರಿ, ಮೇಲ್ಕಂಡ, ತತ್ಸಂಬಂಧ,
ಕಂಡುಬಂದ ಮೇರೆಗೆ, ಕ್ರಮ ಕೈಗೊಳ್ಳಲಾಗಿ...
ಈ ಮಾತುಗಳನ್ನು ನಾನು ಕಲಿತದ್ದಲ್ಲ,
ಅಂಗಿಯ ಗುಂಡಿ ಕೊಟ್ಟ ಹಾಗೆ ಕೊಟ್ಟರು,
ಹಾಕಿಕೊಂಡೆ.

ಹೋದ ಕಾರ್ತೀಕದಲ್ಲಿ ಬಂದಳು ಶಶಿರೇಖಾ,
ಚಿಂತಾಮಣಿ ಕಾಲೇಜಿನ ಬಿ.ಎ., ಐಚ್ಛಿಕ ಕನ್ನಡ.
ಗಂಜಿಗುಂಟೆ ಕಡೆಯವಳು, ಮನೆ ತುಂಬ ಚಂದ್ರಿಕೆ.
ಬೆಲ್ಟು ಇನ್ನೂ ಹೊಸದು, ಕಿರ್ರೆನ್ನುತ್ತಿತ್ತು.
ನನಗೆ ಈಗ ಕೈ ನಡುಗುತ್ತೆ,
ನಾನು ಹೇಳುವುದು, ಅವಳು ಬರೆಯುವುದು.

ಆ ರಾತ್ರಿ ಗೂಡಿನ ಮಾರ್ಕೆಟ್ಟಿನ ಹುಡುಗ ಖಲಂದರ್,
ಎರಡು ಕ್ರೇಟು ಗೂಡು ಕದ್ದವನು
(ಕದ್ದನೋ ಇಲ್ಲವೋ, ಅದು ಬೇರೆ)
ಬೆಂಚಿನ ಮೇಲೆ ಒಂದು ಕಣ್ಣು ಮುಚ್ಚಿ ಕೂತಿದ್ದ.
ಅದು ಅವನೇ ಮುಚ್ಚಿದ್ದಲ್ಲ.
ಬರ್ಕೊಳ್ಳಮ್ಮ, ಅಂದೆ:
'ಸದರಿ ಆಸಾಮಿಯು ಓಡಲು ಯತ್ನಿಸಿ
ಮೆಟ್ಟಿಲಿನಿಂದ ಬಿದ್ದು ಗಾಯಗೊಂಡಿರುತ್ತಾನೆ.'
ಪೆನ್ನು ನಿಂತಿತು.
'ಸಾರ್, ನಮ್ಮ ಠಾಣೆಗೆ ಇರೋದೇ ಎರಡು ಮೆಟ್ಟಿಲು.'

ಎರಡು ಸಾಕು ತಾಯಿ,
ಮೂವತ್ತೊಂದು ವರ್ಷದಿಂದ ಬೀಳುತ್ತಲೇ ಇದ್ದಾರೆ.

'ಹೋಗಲಿ, ಮೇಲಿನ ವಾಕ್ಯ ಸಾರ್,
ವಿಚಾರಣೆಗೆ ಒಳಪಡಿಸಲಾಯಿತು. ಯಾರಿಂದ?
ಇದು ಕರ್ಮಣಿ ಪ್ರಯೋಗ,
ಕರ್ತೃ ಇಲ್ಲದೆಯೂ ನಡೆದುಬಿಡುತ್ತೆ.
ಬಿಟ್ಟ ಜಾಗದಲ್ಲಿ ಯಾರು ಅಂತ ಕೇಳಿ ನೋಡಿ,
ಅಂದಿದ್ದರು ಎರಡನೇ ವರ್ಷದಲ್ಲಿ ನಮ್ಮ ಮೇಡಂ.'
ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ:
'ತೂತು ಗೂಡು ಸಾರ್ ಇದು. ಹುಳ ಹೊರಟುಹೋಗಿದೆ,
ಎಳೆ ಬಿಚ್ಚಕ್ಕೆ ಬರಲ್ಲ.'

ಸಾಹೇಬರ ಕಿವಿಗೆ ಬಿತ್ತು.
'ಓದಿದವರು ಇಲಾಖೆಗೆ ಬರಬಾರದು ಕಣ್ರೀ' ಅಂದರು.
ಅವರೂ ಎಂ.ಎಸ್ಸಿ.,
ಪದಕ ತಗೊಳ್ಳೋ ಫೋಟೋ ತಲೆಯ ಹಿಂದೆಯೇ ಇದೆ.
ಹದಿನೈದು ದಿನ ಬಸ್‌ಸ್ಟಾಂಡ್ ಸರ್ಕಲ್ಲಿನಲ್ಲಿ
ಬಿಸಿಲಿಗೆ ಹಾಕಿದರು ಅವಳನ್ನು.
ಅಲ್ಲಿ ಟೆಂಪೋದವನೊಬ್ಬನಿಗೆ 'ದಯವಿಟ್ಟು' ಅಂದಳಂತೆ,
ಟೀ ಅಂಗಡಿಯವರೆಲ್ಲ ನಕ್ಕರಂತೆ.
ಹತ್ತನೇ ದಿನ, ಕೈ ಹಿಡಿದೆಳೆದ ಕುಡುಕನ
ಕಪಾಳಕ್ಕೆ ಬಿಟ್ಟಳಂತೆ.

ಸಂಜೆ ಬಂದು ಡೈರಿ ತೆಗೆದು ಬರೆದಳು.
ಆಸಾಮಿಯು ಬಿದ್ದಿರುವುದಿಲ್ಲ.
'ನಾನು ಹೊಡೆದೆ' ಎಂದು ಬರೆದಿದ್ದಳು.
ಅಷ್ಟೇ. ಟೈಮು, ಜಾಗ, ಸಹಿ.
ಆ ಪುಸ್ತಕದಲ್ಲಿ ಅಲ್ಲಿವರೆಗೆ
'ನಾನು' ಅನ್ನುವ ಮಾತೇ ಇರಲಿಲ್ಲ, ನೋಡಿ.

ನಿನ್ನೆ ರಾತ್ರಿ ಪಾಳಿ.
ಊರ ತುಂಬ ಬೇಯಿಸಿದ ಗೂಡಿನ ನಾತ.
ಮತ್ತೆ ಆ ಪುಟ ತೆಗೆದೆ.
ಅಕ್ಷರ ಮುತ್ತೇನೂ ಅಲ್ಲ, ಅಡ್ಡಾದಿಡ್ಡಿ.
ರದ್ದಿ ಹಾಳೆಯೊಂದರ ಮೇಲೆ ನಾನೂ ಬರೆದು ನೋಡಿದೆ,
'ನಾನು'.
ಆಮೇಲೆ ಒಂದು ಕ್ರಿಯಾಪದ ಬೇಕು.
ಎಷ್ಟೊಂದು ಬಂದು ನಿಂತವು, ಸ್ವಾಮಿ,
ಲಾಕಪ್ಪಿನ ಮುಂದೆ ಹೆಣ್ಣುಮಕ್ಕಳು ಬಂದು ನಿಲ್ಲುವ ಹಾಗೆ.
ಯಾವುದನ್ನು ಒಳಗೆ ಬಿಡಲಿ ಮೊದಲು?

ಹೊರಗೆ ಸೆಂಟ್ರಿ ಕೆಮ್ಮಿದ.
ಹಾಳೆ ಮಡಚಿ ಜೇಬಿಗಿಟ್ಟೆ.
ಇನ್ನು ನಾಲ್ಕು ತಿಂಗಳಿದೆ ಸರ್ವೀಸು.
ಬೆಳಗ್ಗೆ ಮನೆಗೆ ಹೊರಟಾಗ
ಆ ಎರಡು ಮೆಟ್ಟಿಲನ್ನು
ಗೋಡೆ ಹಿಡಿದುಕೊಂಡು ಇಳಿದೆ.