ರಾತ್ರಿ ಪಾಳಿಯ ಲೆಕ್ಕ

ಮರೀನ್ಯ ಗ್ರಾಂಡೆ, ನವೆಂಬರ್. ಏಳನೇ ಯಂತ್ರ
ಇಪ್ಪತ್ತೆರಡು ಸೆಕೆಂಡಿಗೊಮ್ಮೆ ಬಾಯಿ ತೆರೆದು
ಆಲಿವ್ ಉದುರಿಸುವ ಹಳದಿ ಬಾಚಣಿಗೆಯೊಂದನ್ನು
ಉಗುಳುತ್ತದೆ.
ಹಲ್ಲು ಹನ್ನೊಂದು. ಎಣಿಸುವುದು ನನ್ನ ಕೆಲಸ,
ಹಲ್ಲನ್ನೂ, ಆಳನ್ನೂ.

ಅಂಚಿನ ಪೊರೆ ಹೆರೆಯುತ್ತ ಜುಲ್ಮೀರಾ ಗೊಣಗುತ್ತಾಳೆ:
ನನ್ನ ಮೂರು ಮರದ ಕಾಯಿ ನೆಲಕ್ಕುದುರಿ ಕೊಳೀತಿದೆ,
ಊರಿಗೆಲ್ಲ ಬಾಚಣಿಗೆ ಹಂಚೋಳು ನಾನು,
ಒಂದು ದಿನ ರಜೆ ಕೊಡಲಿಲ್ಲ ನೀನು, ದೆಯೊಲಿಂಡಾ.
ಕೊಡಲಿಲ್ಲ, ನಿಜ. ಪಟ್ಟಿಯಲ್ಲಿ ಬೇರೆ ಹೆಸರಿರಲಿಲ್ಲ.

ಮೂರೂ ನಲವತ್ತಕ್ಕೆ
ಹಲ್ಲು ಮೂಡದವು ಬರತೊಡಗಿದವು,
ಒಂದು, ನಾಲ್ಕು, ಇಡೀ ಬುಟ್ಟಿ.
ಓಡಿ ಹೋಗಿ ನೋಡಿದರೆ ಮೇಲಿನ ಲಾಳಿಕೆ ಖಾಲಿ.
ಪ್ಲಾಸ್ಟಿಕ್ ಕಾಳು ಸುರಿಯಬೇಕಿದ್ದ ನಿಲ್ಟನ್
ಚೀಲಗಳ ಮೇಲೆ ಬಾಯಿ ಬಿಟ್ಟು ಮಲಗಿದ್ದಾನೆ.
ಹಗಲು ಮೀನುಪೇಟೆ. ಮನೆಯಲ್ಲಿ ಎಂಟು ದಿನದ ಕೂಸು.

ಬೈದೆ. ಚೆನ್ನಾಗಿಯೇ ಬೈದೆ.
ಲಿಸ್ಬನ್ನಿನ ಲಾರಿ ಆರಕ್ಕೆ ಬರುವುದಿತ್ತು,
ಮೂವರೂ ಸೇರಿ ಸುರಿದೆವು.
ಪುಸ್ತಕದಲ್ಲಿ ಮಾತ್ರ ಹೀಗೆ ಬರೆದೆ:
ಯಂತ್ರ ಏಳು, ಹದಿನೆಂಟು ನಿಮಿಷ, ಅಚ್ಚಿನ ದೋಷ.

ಬೆಳಿಗ್ಗೆ ಜುಲ್ಮೀರಾಳ ಕೈಚೀಲದಿಂದ
ಹಳದಿ ಹಿಡಿಯೊಂದು ಇಣುಕುತ್ತಿತ್ತು,
ಎಂಟೋ ಒಂಬತ್ತೋ ಹಲ್ಲಿನದು.
ಎಣಿಸಲಿಲ್ಲ.